ಸಾಕವ್ವ ಎಂಬ ಪಲ್ಲವಿ

ಹಾವೇರಿಯಲ್ಲಿ ನಮ್ಮ ಪತ್ರಿಕಾ ಕಚೇರಿಯ ಎದುರಿಗೆ ಒಂದು ಖಾನಾವಳಿ ಇದೆ. ಮಧ್ಯಾಹ್ನದ ಊಟಕ್ಕೆ ಮುಂಚೆ ಅಲ್ಲಿ ಒಣಮೆಣಸಿನಕಾಯಿ ಹುರಿಯುತ್ತಾರೆ. ಗಾಳಿ ಈ ಕಡೆ ಬೀಸಿದ ದಿನ ಘಾಟು ರಸ್ತೆ ದಾಟಿ, ಮೆಟ್ಟಿಲು ಹತ್ತಿ, ನಮ್ಮ ಮೇಜುಗಳ ನಡುವೆ ಬಂದು ನಿಲ್ಲುತ್ತದೆ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ನಾನೇ ಎಷ್ಟೋ ಸಲ ಬರೆದಿದ್ದೇನೆ. ಅದು ನಾಲಿಗೆಯ ಮಟ್ಟಿಗೆ ನಿಜ. ಗಂಟಲನ್ನು ಕೇಳಿದರೆ ಬೇರೆ ಹೇಳುತ್ತದೆ.

ಮೊದಲು ಕೆಮ್ಮುವವನು ಛಾಯಾಗ್ರಾಹಕ ಬಸಣ್ಣ, ಆಮೇಲೆ ನಾನು. ಪುಟ ಕಟ್ಟುವ ಸವಿತಾ ಕೆಮ್ಮುವುದಿಲ್ಲ, ಏಳುತ್ತಾಳೆ. ಮೂಲೆಯಲ್ಲಿರುವ ನೀರಿನ ಕ್ಯಾನಿನಿಂದ ಸ್ಟೀಲಿನ ತಂಬಿಗೆ ತುಂಬಿಕೊಂಡು ಬಂದು ನಮ್ಮ ಲೋಟಗಳಿಗೆ ಹಾಕುತ್ತಾಳೆ. ಇದು ಅವಳ ಕೆಲಸವಲ್ಲ, ಯಾರೂ ಹೇಳಿದ್ದೂ ಅಲ್ಲ. ಇಂಥ ಅನುಕೂಲ ತಾನಾಗಿ ಬಂದಾಗ ಗಂಡಸರು ಕಾರಣ ವಿಚಾರಿಸುವುದಿಲ್ಲ; ವಿಚಾರಿಸುವುದೇ ಹೊಟ್ಟೆಪಾಡಾಗಿರುವ ನಾವೂ ವಿಚಾರಿಸಿರಲಿಲ್ಲ. ಲೋಟ ತುಂಬುತ್ತ ಬಂದಾಗ ಕೈ ಅಡ್ಡ ಹಿಡಿದು, ನಮ್ಮ ಕಡೆ ಊಟಕ್ಕೆ ಬಡಿಸುವ ಹೆಣ್ಣುಮಕ್ಕಳಿಗೆ ಹೇಳುವ ಹಾಗೆ, ‘ಸಾಕವ್ವಾ, ಸಾಕ’ ಎನ್ನುತ್ತಿದ್ದೆವು.

ಎನ್ನುತ್ತಿದ್ದೆವು ಎಂದು ಬರೆದಿದ್ದೇನೆ, ಗಮನಿಸಿ. ಕೆಲವು ತಿಂಗಳಿಂದ ಆ ಮಾತು ನನ್ನ ಬಾಯಿಗೆ ಬರುತ್ತಿಲ್ಲ. ಅದಕ್ಕೆ ಕಾರಣ ಬ್ರಿಟನ್ನಿನ ಒಬ್ಬ ಹುಡುಗ ಮತ್ತು ಒಬ್ಬ ಹುಡುಗಿ ಸೇರಿ ಮಾಡಿದ ಚೊಚ್ಚಲ ಆಲ್ಬಮ್. ದೊಡ್ಡ ಕಂಪನಿಗಳ ಹಂಗಿಲ್ಲದೆ ತಮ್ಮ ಪಾಡಿಗೆ ತಾವು ಹಾಡು ಕಟ್ಟಿಕೊಳ್ಳುವ ಇಂಥವರ ಸಂಗೀತಕ್ಕೆ ಅಲ್ಲಿ ಇಂಡಿ ಪಾಪ್ ಎಂಬ ಹೆಸರಿದೆಯಂತೆ. ಅವರ ಹೆಸರನ್ನು ಇಲ್ಲಿ ಹಾಕುವುದಿಲ್ಲ. ಹಾಕಿದರೆ ಅವರ ಮೇಲೆ ಏನೋ ಆರೋಪ ಹೊರಿಸಿದ ಹಾಗಾಗುತ್ತದೆ. ಅವರದು ಆರೋಪಿಸುವಂಥ ತಪ್ಪಲ್ಲ.

ಆ ಹುಡುಗ ಬ್ಯಾಡಗಿಗೆ ಬಂದಾಗ ನಾನು ಅಲ್ಲಿಯ ವರದಿಗಾರ. ಬಹಳ ವರ್ಷಗಳ ಮಾತು. ರೈಲಿನಲ್ಲಿ ಹೊರಟಿದ್ದವನು ಕಿಟಕಿಯಿಂದ ಒಣಹಾಕಿದ ಮೆಣಸಿನಕಾಯಿಯ ಕೆಂಪು ಕಂಡು ಇಳಿದುಬಿಟ್ಟೆ ಎಂದ. ಬೆನ್ನಿಗೊಂದು ಚೀಲ, ಕೈಯಲ್ಲಿ ಅಂಗೈಯಗಲದ ಧ್ವನಿಮುದ್ರಣ ಯಂತ್ರ. ಹೋದ ಕಡೆಯೆಲ್ಲ ಅಲ್ಲಿಯ ಸದ್ದು ಹಿಡಿದಿಟ್ಟುಕೊಳ್ಳುವುದು ಅವನ ಹವ್ಯಾಸ. ಫೋಟೊ ಎಂದರೆ ಎಲ್ಲರೂ ನೆಟ್ಟಗೆ ನಿಲ್ಲುತ್ತಾರೆ, ಸದ್ದು ಎಂದರೆ ಯಾರೂ ನೆಟ್ಟಗೆ ನಿಲ್ಲುವುದಿಲ್ಲ ಎಂದು ಅವನು ಹೇಳಿದ್ದು ನನಗೆ ಹಿಡಿಸಿತ್ತು. ಬಸಣ್ಣನನ್ನೂ ಕರೆದುಕೊಂಡು ಅವನನ್ನು ಒಬ್ಬ ವ್ಯಾಪಾರಿಯ ಮೆಣಸಿನಕಾಯಿ ಅಂಗಳಕ್ಕೆ ಒಯ್ದೆ. ಹೆಂಗಸರು ಸಾಲಾಗಿ ಕುಳಿತು ತೊಟ್ಟು ಬಿಡಿಸುತ್ತಿದ್ದರು. ಸೆರಗನ್ನು ಮೂಗಿಗೆ, ಬಾಯಿಗೆ ಸುತ್ತಿ ಹಿಂದೆ ಗಂಟು ಹಾಕಿಕೊಂಡಿದ್ದರು. ಕಣ್ಣು ಮಾತ್ರ ಕಾಣುತ್ತಿತ್ತು.

ಬಸಣ್ಣ ಅವರಿಗೆ ಹೇಳಿದ: ‘ಒಂದ ಹಾಡ ಹಾಡ್ರೆವಾ. ಲಂಡನ್ ತನಕಾ ಹೋಗತೈತಿ ನಿಮ್ಮ ದನಿ.’

‘ಬಾಯಿ ತಗದ್ರ ಧೂಳ ಒಳಗ ಹೋಗತೈತೋ ಯಪ್ಪಾ,’ ಎಂದಳು ಒಬ್ಬಾಕೆ. ‘ನೀನs ಹಾಡು. ನಾವು ಕೇಳತೇವಿ.’

ಸಾಲಿಗೆ ಸಾಲೇ ನಕ್ಕಿತು. ನಕ್ಕದ್ದಕ್ಕೆ ಕೆಮ್ಮಿತು. ಬೀಸುವುದಕ್ಕೆ ಹಾಡುಂಟು, ಕುಟ್ಟುವುದಕ್ಕೆ ಹಾಡುಂಟು, ನಾಟಿಗೂ ಕಳೆ ಕೀಳುವುದಕ್ಕೂ ಹಾಡುಂಟು. ಮೆಣಸಿನಕಾಯಿಯ ತೊಟ್ಟು ಬಿಡಿಸಲು ನಾನು ಕೇಳಿದಂತೆ ಹಾಡಿಲ್ಲ. ಅದು ಬಾಯಿ ಮುಚ್ಚಿಕೊಂಡು ಮಾಡುವ ಕೆಲಸ.

ಹುಡುಗ ಬೇಸರಪಡಲಿಲ್ಲ. ಯಂತ್ರ ಚಾಲೂ ಮಾಡಿ ಹೆಂಗಸರ ನಡುವೆ ಸುಮ್ಮನೆ ಕುಳಿತ. ಹೊರಡುವಾಗ, ತನಗೆ ಮತ್ತೆ ಮತ್ತೆ ಕೇಳಿಸಿದ ಒಂದು ಶಬ್ದವನ್ನು ಕಷ್ಟಪಟ್ಟು ಉಚ್ಚರಿಸಿ ಅರ್ಥ ಕೇಳಿದ. ನಾನು ವ್ಯಾಪಾರಿಯ ಜೊತೆ ಮಾತಾಡುತ್ತಿದ್ದೆ. ಉತ್ತರ ಕೊಟ್ಟವನು ಬಸಣ್ಣ. ‘ಸಾಕು’ ಎಂಬುದಕ್ಕೆ ಇಂಗ್ಲಿಷ್ ಪದ ಆ ಕ್ಷಣ ನೆನಪಾಗದೆ, ತನ್ನ ಹೊಟ್ಟೆಯ ಮೇಲೆ ಕೈಯಾಡಿಸಿ, ತೇಗಿ ತೋರಿಸಿ, ‘ಫುಲ್, ಫುಲ್’ ಎಂದ. ಹುಡುಗನಿಗೆ ಬಹಳ ಸಂತೋಷವಾಯಿತು.

ಮರುದಿನ ನಮ್ಮ ಜಿಲ್ಲಾ ಪುಟದಲ್ಲಿ ಒಂದು ಫೋಟೊ, ಕೆಳಗೆ ಸಣ್ಣ ಸುದ್ದಿ. ನಾನು ಬರೆದದ್ದು ಉದ್ದವಿತ್ತು, ಬುಡ ಕತ್ತರಿಸಿದ್ದರು. ಪತ್ರಿಕೆಯಲ್ಲಿ ಜಾಗ ಸಾಲದಿದ್ದರೆ ಕತ್ತರಿ ಬೀಳುವುದು ಬುಡಕ್ಕೆ. ಅದಕ್ಕೇ ಮುಖ್ಯವಾದುದನ್ನು ಮೇಲೆ ಇಡಬೇಕು ಎಂದು ಕಲಿಸುತ್ತಾರೆ. ಬದುಕಿನಲ್ಲಿ ಮುಖ್ಯವಾದುದು ಮೇಲೆಯೇ ಬರುತ್ತದೆ ಎಂಬ ಭರವಸೆ ಏನೂ ಇಲ್ಲ, ಆದರೆ ಅದನ್ನು ಯಾರೂ ಕಲಿಸುವುದಿಲ್ಲ.

ಕಳೆದ ಚಳಿಗಾಲದಲ್ಲಿ ಬೇರೇನನ್ನೋ ಹುಡುಕುತ್ತ ಹಳೆಯ ಇ-ಮೇಲ್ ಖಾತೆ ತೆರೆದಾಗ ಅವನ ಪತ್ರ ಸಿಕ್ಕಿತು. ಎಂದೋ ಕಳಿಸಿದ್ದು, ನಾನು ನೋಡಿಯೇ ಇರಲಿಲ್ಲ. ಮೊದಲ ಆಲ್ಬಮ್ ಬಂದಿದೆ, ಅದರಲ್ಲಿ ನಿಮ್ಮ ಊರೂ ಇದೆ ಎಂದು ಬರೆದು ಕೊಂಡಿ ಹಾಕಿದ್ದ. ಮಧ್ಯಾಹ್ನ ಸುದ್ದಿಗಳು ಬರುವ ಮೊದಲು ಕಚೇರಿ ಸ್ವಲ್ಪ ತೂಕಡಿಸುತ್ತದೆ. ಆ ಹೊತ್ತಿನಲ್ಲಿ ಕಂಪ್ಯೂಟರಿನಲ್ಲಿ ಹಾಡು ಹಚ್ಚಿದೆ.

ನನಗೆ ಇಂಗ್ಲಿಷ್ ಓದಿದರೆ ತಿಳಿಯುತ್ತದೆ, ಹಾಡಿದರೆ ತಿಳಿಯುವುದಿಲ್ಲ. ಸಾಹಿತ್ಯವನ್ನು ಪರದೆಯ ಮೇಲೆ ಓದಿಕೊಳ್ಳುತ್ತ ಕೇಳಿದೆ. ಹುಡುಗಿಯ ದನಿ ತೆಳ್ಳಗೆ, ನೆಗಡಿಯಾದವರ ದನಿಯ ಹಾಗೆ. ಹಿಂದೆ ಕೀಬೋರ್ಡು, ಅಡುಗೆಮನೆಯ ಡಬ್ಬಿ ಬಡಿದಂಥ ತಾಳ. ಒಂದು ಹಾಡು ಬಾಡಿಗೆ ಕೋಣೆಯಲ್ಲಿ ಒಣಗದ ಬಟ್ಟೆಯ ಬಗ್ಗೆ. ಇನ್ನೊಂದು, ಬಸ್‌ಸ್ಟಾಪಿನಲ್ಲಿ ಜಗಳವಾಡಿ ಒಂದೇ ಬಸ್ಸಿನಲ್ಲಿ ಬೇರೆ ಬೇರೆ ಕುಳಿತವರ ಬಗ್ಗೆ. ಇಷ್ಟು ಸಣ್ಣ ಸಂಗತಿಗೂ ಹಾಡು ಕಟ್ಟಬಹುದೇ ಎನಿಸಿತು. ಮೊದಲ ಆಲ್ಬಮ್ ಎಂದರೆ ವರದಿಗಾರನ ಹೆಸರು ಹೊತ್ತು ಬರುವ ಮೊದಲ ಸುದ್ದಿಯ ಹಾಗೆ; ಗೊತ್ತಿರುವುದನ್ನೆಲ್ಲ ಒಂದರಲ್ಲೇ ತುಂಬುವ ಆತುರ ಇರುತ್ತದೆ. ನಾವು ಇಂಥದಕ್ಕೆ ‘ಚೊಚ್ಚಲ’ ಎನ್ನುತ್ತೇವೆ. ಹೆರಿಗೆಯ ಮಾತನ್ನು ಕ್ರಿಕೆಟ್ಟಿನ ಶತಕಕ್ಕೂ ಸಿನಿಮಾಕ್ಕೂ ಎಳೆದು ತಂದಿದ್ದೇವೆ.

ಕೊನೆಯ ಹಾಡು ಬೇರೆ ಥರ ಶುರುವಾಯಿತು. ಒಣಗಿದ ಏನೋ ಗಲಗಲ ಎಂದಿತು. ನನಗೆ ತಕ್ಷಣ ಗುರುತು ಸಿಕ್ಕಿತು, ಗೋಣಿಯ ಮೇಲೆ ಮೆಣಸಿನಕಾಯಿ ಸರಿಸುವ ಸದ್ದು. ಅದರ ಮೇಲೆ ಒಬ್ಬ ಹೆಂಗಸಿನ ದನಿ, ಎಳೆದು, ಸ್ವಲ್ಪ ಒಡೆದು: ‘ಸಾಕವ್ವಾ… ಏ ಸಾಕವ್ವಾ…’

ನನ್ನ ಹಿಂದೆ ಯಾರೋ ‘ಓ’ ಎಂದರು.

ತಿರುಗಿ ನೋಡಿದೆ. ಸವಿತಾ. ಪುಟದ ಮೇಲೆ ಬಗ್ಗಿದ್ದವಳು ತಲೆ ಎತ್ತಿದ್ದಳು. ತಾನು ‘ಓ’ ಎಂದದ್ದು ಅವಳಿಗೇ ಗೊತ್ತಾಗಿರಲಿಲ್ಲ ಎಂದು ಮುಖ ಹೇಳುತ್ತಿತ್ತು. ಹಾಡಿನಲ್ಲಿ ತಾಳ ಸೇರಿಕೊಂಡಿತು. ಆ ದನಿಯನ್ನು ತುಂಡು ಮಾಡಿ ಮತ್ತೆ ಮತ್ತೆ ಜೋಡಿಸಿದ್ದರು. ಸಾಕವ್ವಾ, ಸಾಕವ್ವಾ. ಹುಡುಗಿಯೂ ಅದನ್ನೇ ಪಲ್ಲವಿ ಮಾಡಿಕೊಂಡು ಹಾಡತೊಡಗಿದಳು.

‘ಯಾರಿಗೆ ಓ ಅಂದಿಯವಾ?’ ಎಂದ ಬಸಣ್ಣ. ‘ಇಂಗ್ಲೆಂಡಿನಿಂದ ಕರದ್ರೇನ ನಿನ್ನ?’

ಅವಳು ನಗಲಿಲ್ಲ. ಎದ್ದು ಬಂದು ನನ್ನ ಕುರ್ಚಿಯ ಹಿಂದೆ ನಿಂತಳು. ‘ಇನ್ನೊಮ್ಮೆ ಹಚ್ಚರಿ ಸರ. ಮೊದಲಿಂದ.’

ಹಚ್ಚಿದೆ. ‘ಇದು ನಮ್ಮವ್ವನ ದನಿ ಐತ್ರಿ,’ ಎಂದಳು.

ಹಾಡಿನ ಕೆಳಗೆ ಆ ಜೋಡಿ ಬರೆದಿದ್ದ ಟಿಪ್ಪಣಿ ಹೀಗಿತ್ತು: ದಕ್ಷಿಣ ಭಾರತದ ಸುಗ್ಗಿಯ ಹೆಂಗಸರ ಹಾಡು, ಹೊಟ್ಟೆ ತುಂಬಿದೆ, ಮನಸ್ಸು ತುಂಬಿದೆ ಎಂದು ಅರ್ಥ. ನಾನು ಅದನ್ನು ಓದಿ, ಬಲ್ಲವನ ಹಾಗೆ ತಲೆಯಾಡಿಸಿ, ‘ತಪ್ಪು ಬರೆದಿದ್ದಾರೆ. ಕೆಲಸ ಸಾಕಾಗಿದೆ ಅಂತ ಅಕ್ಕಪಕ್ಕದವಳಿಗೆ ಹೇಳ್ತಿದ್ದಾಳೆ’ ಎಂದೆ. ಕನ್ನಡದ ಪತ್ರಕರ್ತನಿಗೆ ಕನ್ನಡದ ಒಂದು ಪದ ತಿಳಿಯದೇ ಇರುತ್ತದೆಯೇ?

‘ಅಲ್ರಿ ಸರ,’ ಎಂದಳು ಸವಿತಾ. ‘ಅದು ನನ್ನ ಹೆಸರು.’

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿದರೆ, ಕೊನೆಯದಕ್ಕೆ ಸಾಕವ್ವ ಎಂದು ಹೆಸರಿಡುತ್ತಾರೆ. ಇನ್ನು ಹೆಣ್ಣು ಸಾಕು ಎಂದು ದೇವರಿಗೆ ತಿಳಿಸುವ ದಾರಿ ಅದು. ಅರ್ಜಿಯನ್ನು ಮಗುವಿನ ಮೇಲೇ ಬರೆದು ಕಳಿಸಿದಂತೆ. ಸವಿತಾಳ ತಾಯಿ ಗಂಗವ್ವ ಕುಪ್ಪೇಲೂರಿನವಳು, ಬ್ಯಾಡಗಿಗೆ ಕೊಟ್ಟಿದ್ದರು. ಮೂರು ಹೆಣ್ಣಾದ ಮೇಲೆ ಇವಳು.

‘ದೇವರು ಅರ್ಧಾನs ಕೇಳಿಸ್ಕೊಂಡ್ರಿ,’ ಎಂದಳು. ‘ಹೆಣ್ಣ ಸಾಕ ಅಂದಿದ್ದಕ್ಕ ಮಕ್ಕಳs ಸಾಕ ಮಾಡಿದ.’

ಶಾಲೆಯಲ್ಲಿ ಹುಡುಗರು ಅವಳನ್ನು ಕಂಡರೆ ‘ಸಾಕ, ಸಾಕ’ ಎಂದು ಊಟದೆಲೆಗೆ ಕೈ ಅಡ್ಡ ಹಿಡಿಯುವ ಹಾಗೆ ಹಿಡಿಯುತ್ತಿದ್ದರಂತೆ. ಒಂದು ದಿನ ಗುರುಗಳ ಮುಂದೆ ನಿಂತು ನನ್ನ ಹೆಸರು ಸವಿತಾ ಎಂದು ಹೇಳಿದಳು. ಎಲ್ಲಿಂದ ತಂದ ಹೆಸರು ಎಂದು ಕೇಳಿದೆ. ನೆನಪಿಲ್ಲ, ಯಾರದೋ ಬಂಗಾರದ ಅಂಗಡಿಯ ಬೋರ್ಡಿನ ಮೇಲಿತ್ತು ಎಂದಳು. ಗುರುಗಳು ಒಪ್ಪಿದರು. ಮನೆ ಒಪ್ಪಲಿಲ್ಲ. ಗಂಗವ್ವ ಓಣಿ ಕೇಳಿಸುವ ಹಾಗೆ ಸಾಕವ್ವಾ ಎಂದೇ ಕರೆಯುತ್ತಿದ್ದಳು.

ಗಂಗವ್ವ ಸತ್ತು ವರ್ಷಗಳಾಗಿವೆ. ಮೆಣಸಿನಕಾಯಿಯ ಧೂಳಿನಿಂದಲೇ ಆಯಿತು ಎಂದು ಬರೆಯಲು ನನ್ನ ಬಳಿ ಆಧಾರವಿಲ್ಲ; ಅಂಗಳದಲ್ಲಿ ಕೂತಿದ್ದಳು, ದಮ್ಮು ಬಂತು, ಹೆಚ್ಚಿತು, ಸತ್ತಳು. ಇಷ್ಟನ್ನು ಬರೆಯಬಹುದು. ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ಮೂಗು ಬಾಯಿ ಮುಚ್ಚುವ ಆಕ್ಸಿಜನ್ ಮಾಸ್ಕ್ ಹಾಕಿದ್ದರು. ಮಾತು ಇರಲಿಲ್ಲ.

‘ಫೋಟೊ ಅದಾವ್ರಿ,’ ಎಂದಳು ಸವಿತಾ. ‘ದನಿ ಇಲ್ಲ. ಆಕಿ ಫೋನಿನ್ಯಾಗ ಬರೇ ಮಾತಾಡಾಕ ಬರತಿತ್ತು, ಹಿಡದಿಡಾಕ ಬರತಿರ್ಲಿಲ್ಲ. ಸರ, ಆ ಹುಡುಗಗ ಕೇಳ್ರಿ. ಡೋಲು ಪೀಪಿ ಏನೂ ಇಲ್ಲದ್ದು, ನಮ್ಮವ್ವಂದು ಬರೇ ದನಿ ಐತೇನು ಅಂತ.’

ಅವಳು ನನ್ನಲ್ಲಿ ಅದುವರೆಗೆ ಏನನ್ನೂ ಕೇಳಿದವಳಲ್ಲ. ಆ ಸಂಜೆಯೇ ಹುಡುಗನಿಗೆ ಬರೆದೆ, ಟಿಪ್ಪಣಿಯ ಅರ್ಥ ಸರಿಯಿಲ್ಲ ಎಂದೂ ಸೇರಿಸಿದೆ. ಉತ್ತರ ಬರುವವರೆಗೆ ದಿನಾ ಬಂದ ಕೂಡಲೇ ನನ್ನ ಮುಖ ನೋಡುತ್ತಿದ್ದಳು, ಬಾಯಿ ಬಿಟ್ಟು ಕೇಳುತ್ತಿರಲಿಲ್ಲ. ಆ ದಿನಗಳಲ್ಲಿ ಅವಳ ಕೆಲಸದಲ್ಲಿ ತಪ್ಪುಗಳು ಬಂದವು. ರಾಣೆಬೆನ್ನೂರಿನ ಒಂದು ಸುದ್ದಿ ಐರಣಿಯ ಫೋಟೊದ ಕೆಳಗೆ ಹೋಯಿತು.

ಹುಡುಗ ಉತ್ತರ ಬರೆದ. ಈಗ ಅವನೂ ಹುಡುಗನಲ್ಲ. ಅಂದಿನ ಇಡೀ ಧ್ವನಿಮುದ್ರಣ ತನ್ನ ಬಳಿ ಇದೆ ಎಂದು ಕಳಿಸಿಕೊಟ್ಟ. ಜೊತೆಗೆ ಒಂದು ಪ್ರಶ್ನೆ: ಟಿಪ್ಪಣಿಯಲ್ಲಿ ಅರ್ಥ ತಪ್ಪಾಗಿದ್ದರೆ ತಿದ್ದಬೇಕು, ಆ ಹೆಂಗಸು ನಿಜವಾಗಿ ಏನು ಹೇಳುತ್ತಿದ್ದಾಳೆ?

ಮೂವರೂ ಕೂತು ಕೇಳಿದೆವು. ಮೊದಲಿಗೆ ಬಸಣ್ಣನ ದನಿ. ಆಮೇಲೆ ನನ್ನದು, ವ್ಯಾಪಾರಿಗೆ ಮಾರುಕಟ್ಟೆಯ ವಿಷಯ ತಿಳಿಸಿಕೊಡುತ್ತಿದ್ದೇನೆ, ಅದೂ ಅವನ ಅಂಗಳದಲ್ಲೇ ನಿಂತು. ಬಸಣ್ಣ ನನ್ನ ಕಡೆ ನೋಡಿದ. ನಾನು ಪರದೆಯ ಕಡೆ ನೋಡಿದೆ. ಆಮೇಲೆ ಬಹಳ ಹೊತ್ತು ಕಾಯಿಯ ಗಲಗಲ, ನಡುನಡುವೆ ಕೆಮ್ಮು. ಒಂದು ಕೆಮ್ಮು ಉಳಿದವಕ್ಕಿಂತ ಉದ್ದವಾಯಿತು, ನಿಂತಿತು.

‘ಸಾಕವ್ವಾ… ಏ ಸಾಕವ್ವಾ…’

ಆಲ್ಬಮ್ಮಿನಲ್ಲಿ ಇಲ್ಲಿಗೇ ಕತ್ತರಿಸಿದ್ದರು. ಇಲ್ಲಿ ಮುಂದುವರಿಯಿತು.

‘…ಒಂದ ತಂಬಗಿ ನೀರ ತಾರವ್ವಾ. ಗಂಟಲಾಗ ಹೊಕ್ಕೈತಿ.’

ಉತ್ತರವಿಲ್ಲ. ಮತ್ತೆ ಕರೆದಳು. ಆಗ ಯಂತ್ರಕ್ಕೆ ತೀರ ಹತ್ತಿರದಿಂದ, ನಾವು ಮೂವರೂ ಬೆಚ್ಚುವಷ್ಟು ಜೋರಾಗಿ, ಒಂದು ಹುಡುಗಿಯ ದನಿ: ‘ಮಂದಿ ಮುಂದ ಹಂಗ ಕರೀಬ್ಯಾಡ ಅಂದೇನಿಲ್ಲ? ನಾ ಸಾಕವ್ವ ಅಲ್ಲ.’

‘ಮತ್ಯಾರs ನೀ?’ ಎಂದು ಇನ್ನೊಬ್ಬಾಕೆ. ‘ಕಲೆಕ್ಟರ್ ಬಾಯಾರೇನ?’

ಹೆಂಗಸರು ನಕ್ಕರು. ಗಂಗವ್ವನೂ ನಕ್ಕಿರಬೇಕು, ಮಾತಿನಲ್ಲಿ ನಗು ಇತ್ತು. ‘ಆತ ಬಿಡ್ರಿ. ಸವಿತಾಬಾಯಾರs, ಒಂದೀಟ ನೀರ ಕೊಡ್ರೆವಾ ನಿಮ್ಮ ಅವ್ವಗ.’

ಬರಿಗಾಲು ಓಡಿಹೋದ ಸದ್ದು. ನೀರಿನ ಕೊಡದ ಕಡೆಗಲ್ಲ ಎಂಬುದು ತಾನಾಗಿ ತಿಳಿಯಿತು, ಯಾಕೆಂದರೆ ಕೆಮ್ಮು ಮತ್ತೆ ಶುರುವಾಯಿತು, ಯಾರೂ ಬರಲಿಲ್ಲ. ಕಾಯಿಯ ಗಲಗಲ ನಿಂತಿರಲಿಲ್ಲ. ಕೆಮ್ಮುತ್ತಲೇ ಬಿಡಿಸುತ್ತಿದ್ದಳು. ಕೊನೆಗೆ ನಮ್ಮ ಹುಡುಗ ಇಂಗ್ಲಿಷಿನಲ್ಲಿ ಧನ್ಯವಾದ ಹೇಳಿದ, ಬಸಣ್ಣ ‘ಫುಲ್, ಫುಲ್’ ಎಂದ, ಮುಗಿಯಿತು.

ಬಸಣ್ಣ ಎದ್ದು ಹೊರಗೆ ಹೋದ. ಸವಿತಾ ಪರದೆಯನ್ನೇ ನೋಡುತ್ತಿದ್ದಳು.

‘ಅವತ್ತಿನಿಂದ ಹಂಗ ಕರೀಲೇ ಇಲ್ರಿ ಆಕಿ,’ ಎಂದಳು. ‘ಸವಿತಾ ಅಂತನs ಕರೀತಿದ್ಲು. ಮಂದಿ ಮುಂದನೂ, ಮನ್ಯಾಗೂ. ನಾ ಗೆದ್ದೆ ಅಂತ ತಿಳಕೊಂಡಿದ್ದೆ.’

ಅಂದರೆ ಆ ಹೆಸರಿನಿಂದ ತಾಯಿ ಅವಳನ್ನು ಕೊನೆಯ ಸಲ ಕರೆದದ್ದು ಇದು. ಆಲ್ಬಮ್ಮಿನಲ್ಲಿರುವುದು ಇದೇ. ದೂರದ ಊರುಗಳಲ್ಲಿ ಜನ ಕೈಯೆತ್ತಿ ಕುಣಿಯುತ್ತ ಹಾಡುವುದು ಇದನ್ನೇ.

‘ನೀನು ಸಣ್ಣಾಕಿ ಇದ್ದಿ,’ ಎಂದೆ. ಇಂಥ ಹೊತ್ತಿನಲ್ಲಿ ಎಲ್ಲರೂ ಹೇಳುವ ಮಾತು.

‘ದವಾಖಾನ್ಯಾಗ ದೊಡ್ಡಾಕಿ ಇದ್ನಿರಿ. ಕೈಸನ್ನಿ ಮಾಡಿ ನೀರ ಕೇಳಿದ್ಲು. ಬಾಯಿಗೆ ಹಾಕಬ್ಯಾಡ್ರಿ ಅಂದಿದ್ರು. ಹಾಕಲಿಲ್ಲ.’

ಪತ್ರಿಕೆಯಲ್ಲಾದರೆ ಇಲ್ಲಿ ಜಾಗ ಮುಗಿಯುತ್ತಿತ್ತು.

ಹುಡುಗನಿಗೆ ಉತ್ತರ ಬರೆಯಲು ಕೂತೆ. ಅದು ಹಾಡಲ್ಲ. ತೃಪ್ತಿಯ ಮಾತಲ್ಲ, ದಣಿವಿನ ಮಾತೂ ಅಲ್ಲ. ಅದೊಂದು ಹೆಸರು. ತಾಯಿ ಮಗಳನ್ನು ನೀರು ತರಲು ಕರೆಯುತ್ತಿದ್ದಾಳೆ. ಇಷ್ಟು ಬರೆದು ಕನ್ನಡದಲ್ಲಿ ಅವಳಿಗೆ ಓದಿ ಹೇಳಿದೆ. ಕಳಿಸಲೇ ಎಂದೆ. ಮುಂದಿನದನ್ನು ಬರೆಯುವ ಅಗತ್ಯ ಇರಲಿಲ್ಲ. ಕೇಳಿದ ಪ್ರಶ್ನೆಗೆ ಉತ್ತರವಾಗಿತ್ತು.

‘ಮಗಳು ನೀರ ಕೊಟ್ಳೋ ಇಲ್ಲೋ ಅಂತ ಕೇಳ್ಯಾನೇನ್ರಿ?’ ಎಂದಳು.

‘ಇಲ್ಲ.’

‘ಕೇಳದಿದ್ರೂ ಬರೀರಿ. ಕೊಡಲಿಲ್ಲ ಅಂತ.’

‘ಅದು ಬೇಕೇನವಾ?’

‘ದಿನಾ ಬುಡ ಕತ್ತರಸಾಕಿ ನಾನs ಅಲ್ಲೇನ್ರಿ ಸರ. ಯಾವದ ಕತ್ತರಸಬೇಕು, ಯಾವದ ಬಿಡಬೇಕು, ನನಗ ಗೊತ್ತಾಗತೈತಿ. ಇದನ್ನ ಕತ್ತರಸಬ್ಯಾಡ್ರಿ.’

ಬರೆದೆ. ಕಳಿಸಿದೆ. ಕೆಲವು ದಿನಗಳಲ್ಲಿ ಹಾಡಿನ ಕೆಳಗಿನ ಟಿಪ್ಪಣಿ ಬದಲಾಯಿತು. ಇದೊಂದು ಹೆಸರು, ತಾಯಿಯೊಬ್ಬಳು ನೀರು ಕೇಳುತ್ತಿದ್ದಾಳೆ, ಮಗಳು ತರಲಿಲ್ಲ ಎಂದು ಅವನು ಹಾಗೆಯೇ ಹಾಕಿದ. ನಾನು ಮೊದಲೇ ಹೇಳಿದೆ, ಅವನ ಮೇಲೆ ಹೊರಿಸಲು ಏನೂ ಇಲ್ಲ. ಹಾಡು ಮಾತ್ರ ಹಾಗೇ ಇದೆ. ಒಮ್ಮೆ ಹೊರಬಂದ ಆಲ್ಬಮ್ಮನ್ನು ತಿದ್ದಲು ಬರುವುದಿಲ್ಲ, ಅಚ್ಚಾದ ಪತ್ರಿಕೆಯ ಹಾಗೆ. ಟಿಪ್ಪಣಿ ಓದಿದ ಮೇಲೂ ಜನ ಅದರ ಕೆಳಗೆ, ಮನಸ್ಸು ಹಗುರಾಯಿತು ಎಂದು ಬರೆಯುತ್ತಾರೆ. ಚೊಚ್ಚಲ ಆಲ್ಬಮ್ಮಿನ ಪಲ್ಲವಿ ಕೊನೆಯ ಮಗಳ ಹೆಸರು.

ಇವತ್ತು ಗಾಳಿ ಈ ಕಡೆಗಿತ್ತು. ಖಾನಾವಳಿಯಲ್ಲಿ ಕಾಯಿ ಬಾಣಲೆಗೆ ಬಿದ್ದದ್ದು ಮೂಗಿಗೆ ಮೊದಲು ತಿಳಿಯಿತು. ಬಸಣ್ಣ ಕೆಮ್ಮಿದ. ಅವನ ಕೆಮ್ಮು ಮುಗಿಯುವ ಮೊದಲೇ ಸವಿತಾ ಎದ್ದಿದ್ದಳು. ಕರೆಯುವವರೆಗೆ ಅವಳು ಕಾಯುವುದಿಲ್ಲ ಎಂಬುದನ್ನು ಇಷ್ಟು ವರ್ಷ ನೋಡಿದ್ದೇನೆ. ಅದನ್ನು ಒಳ್ಳೆಯ ಸ್ವಭಾವ ಎಂದುಕೊಂಡಿದ್ದೆ.

ಬಸಣ್ಣನಿಗೆ ಹಾಕಿ ನನ್ನ ಬಳಿ ಬಂದಳು. ತಂಬಿಗೆ ಬಗ್ಗಿಸಿದಳು. ಲೋಟ ಅರ್ಧವಾಯಿತು, ಮುಕ್ಕಾಲಾಯಿತು. ಈಚೆಗೆ ನಾನು ಬರಿಗೈ ಎತ್ತಿ ಸುಮ್ಮನಾಗುತ್ತಿದ್ದೆ. ಇವತ್ತು ಆ ಕೈಯಲ್ಲಿ ಫೋನಿತ್ತು, ಆ ಕಡೆ ಯಾರೋ ಸುದ್ದಿ ಹೇಳುತ್ತಿದ್ದರು. ನೀರು ಅಂಚಿಗೆ ಬಂದು, ಅಂಚಿಗಿಂತ ಸ್ವಲ್ಪ ಮೇಲೆ ನಿಂತಿತು. ಅವಳು ತಂಬಿಗೆ ಎತ್ತಲಿಲ್ಲ. ನನ್ನ ಮುಖ ನೋಡುತ್ತ ನಿಂತಳು.

‘ಅನ್ರಿ ಸರ,’ ಎಂದಳು. ‘ಚೆಲ್ಲತೈತಿ.’

‘ಸಾಕವ್ವಾ,’ ಎಂದೆ.

ತಂಬಿಗೆ ಎತ್ತಿಕೊಂಡು ಹೋದಳು. ಓ ಎನ್ನಲಿಲ್ಲ.